ಮೊದಲ ಸಾಲು ಗೊತ್ತಾದರೆ ಸಾಕು

ಲಿಯಾನ್, ಫ್ರಾನ್ಸ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಸಕಲೇಶಪುರದ ಕಡೆ ಹೂಮಳೆ ಚೆನ್ನಾಗಿ ಆಯಿತೆಂದು ಅಮ್ಮ ಹೇಳಿದಳು, ಸಮಾಧಾನವಾಯಿತು. ಆನೆ ಇಳಿದಿರುವ ಸುದ್ದಿ ಇರುವಾಗ ಹಾಸನದಿಂದ ಬೆಳಗ್ಗೆಯೇ ಹೊರಟು ತೋಟಕ್ಕೆ ಒಬ್ಬರೇ ಹೋಗಬೇಡಿ.

"ದಿನವಿಡೀ ಮ್ಯಾಟ್ರಿಕ್ಸ್ ಇಟ್ಕೊಂಡು ಏನ್ ಮಾಡ್ತೀಯಮ್ಮ, ಬ್ಯಾಂಕಿನ ದುಡ್ಡಿಗೂ ಅದಕ್ಕೂ ಏನು ಸಂಬಂಧ" ಎಂದು ಕೇಳಿದಿರಿ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಲೆಕ್ಕ ಹೇಳಿಕೊಟ್ಟವರಿಗೆ ಫೋನಿನಲ್ಲಿ ಅರೆಬರೆ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ.

ಬ್ಯಾಂಕಿನ ಗೂಢಲಿಪಿ ಈಗ ನಿಂತಿರುವುದು ದೊಡ್ಡ ಸಂಖ್ಯೆಯ ಅಪವರ್ತನದಂಥ ಕಷ್ಟದ ಲೆಕ್ಕಗಳ ಮೇಲೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಅವನ್ನು ಬೇಗ ಬಿಡಿಸಬಹುದೆಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಇವತ್ತಿನ ಸಂದೇಶ ಕದ್ದಿಟ್ಟುಕೊಂಡು ಅದು ಬಂದ ದಿನ ಬಿಚ್ಚಬಹುದಲ್ಲ!

ಬದಲಿಗೆ ಬಂದದ್ದು ಲ್ಯಾಟಿಸ್. ನೀವು ಹಗ್ಗ ಹಿಡಿಸಿ ಕಾಫಿ ಗಿಡ ನೆಡಿಸುತ್ತೀರಲ್ಲ, ಹಾಗೆ ಸಾಲು ಹಿಡಿದು ನಿಂತ ಬಿಂದುಗಳು. ತೋಟದಲ್ಲಿ ಎರಡೇ ದಿಕ್ಕು, ಹತ್ತಿರದ ಗಿಡ ಕಣ್ಣಿಗೇ ಕಾಣುತ್ತದೆ. ದಿಕ್ಕುಗಳು ನೂರಾರು ಆದಾಗ ಹತ್ತಿರದ ಬಿಂದು ಹುಡುಕುವ ಸುಲಭದ ದಾರಿ, ಕ್ವಾಂಟಮ್ ಕಂಪ್ಯೂಟರ್ ಇದ್ದರೂ, ಇದುವರೆಗೆ ಯಾರಿಗೂ ಸಿಕ್ಕಿಲ್ಲ. 2005ರಲ್ಲಿ ಓಡೆಡ್ ರೆಗೆವ್ ಇದಕ್ಕೆ ಸಮೀಕರಣದ ರೂಪ ಕೊಟ್ಟರು: ಗುಟ್ಟಿನ ಸಂಖ್ಯೆಗಳೇ ಅಜ್ಞಾತಗಳು; ಪ್ರತಿ ಸಮೀಕರಣದ ಉತ್ತರಕ್ಕೂ ಚೂರು ತಪ್ಪು ಬೆರೆಸಿ, ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿದ ಶೇಷ ಮಾತ್ರ ಬಹಿರಂಗ ಮಾಡುವುದು. ಆ ತಪ್ಪು ಇಲ್ಲದಿದ್ದರೆ ನಿಮ್ಮ ವಿದ್ಯಾರ್ಥಿಗಳೇ ಬಿಡಿಸುತ್ತಿದ್ದರು.

ಆ ಸಮೀಕರಣಗಳ ಗುಣಾಂಕಗಳನ್ನು ಸಾಲಾಗಿ ಬರೆದ ಕೋಷ್ಟಕವೇ ನನ್ನ ಮ್ಯಾಟ್ರಿಕ್ಸ್. ಕಷ್ಟ ಇರುವುದು ಗಾತ್ರದಲ್ಲಿ. 256 ಸಾಲು, 256 ಕಂಬಸಾಲಿನ ಮ್ಯಾಟ್ರಿಕ್ಸ್‌ಗೆ 65,536 ಸಂಖ್ಯೆ, ಗುಟ್ಟಿನ ಸಂಖ್ಯೆಗಳ ಜೊತೆ ಒಂದು ಸಲ ಗುಣಿಸಲು ಅಷ್ಟೇ ಗುಣಾಕಾರ. ನನ್ನ ಕೆಲಸ ಇಲ್ಲಿಂದ ಶುರು. ಒಂದು ಕಾಗದ ತೆಗೆದುಕೊಂಡು ಇದನ್ನು ಬರೆಯಿರಿ:

3, 1, 4, 2
−2, 3, 1, 4
−4, −2, 3, 1
−1, −4, −2, 3

ಪ್ರತಿ ಸಾಲೂ ಹಿಂದಿನದೇ, ಒಂದು ಮನೆ ಸರಿದು, ಕೊನೆಯದು ಮೈನಸ್ ಆಗಿ ಮುಂದಕ್ಕೆ ಬಂದಿದೆ. ಓರೆಗೆರೆಯ ಮೇಲೆ ಒಂದೇ ಸಂಖ್ಯೆ ಇರುವ ಇಂಥವಕ್ಕೆ ಟೋಪ್ಲಿಟ್ಸ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಮೊದಲ ಸಾಲು ಕಳಿಸಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. 65,536ರ ಕಡೆ ಬರೀ 256.

ಮೈನಸ್ ಯಾಕೆ? ಸುಮ್ಮನೆ ಸರಿಸಿದ್ದರೆ ಎಲ್ಲ ಸಾಲಿನ ಮೊತ್ತವೂ 10. ಆಗ ಗುಣಲಬ್ಧವನ್ನೆಲ್ಲ ಕೂಡಿದರೆ, ಗುಟ್ಟಿನ ಸಂಖ್ಯೆಗಳ ಮೊತ್ತದ ಹತ್ತರಷ್ಟು. ತಪ್ಪು ಬೆರೆಸಿದ್ದರೂ ಕಳ್ಳನಿಗೆ ಒಂದು ಸುಳಿವು ಸಿಕ್ಕಿಬಿಡುತ್ತದೆ. ಮೈನಸ್ ಹಾಕಿದರೆ ಆ ದಾರಿ ಮುಚ್ಚುತ್ತದೆ. ಇಷ್ಟು ಚಿಕ್ಕ ಚಿಹ್ನೆ ಅಷ್ಟು ದೊಡ್ಡ ಕೆಲಸ ಮಾಡುವುದು ನೋಡಿದಾಗಲೆಲ್ಲ ನನಗೆ ಖುಷಿ.

ಇನ್ನು ವೇಗ. ಈ ಗುಣಾಕಾರ ನಿಜದಲ್ಲಿ ಎರಡು ಬಹುಪದೋಕ್ತಿಗಳ ಗುಣಾಕಾರ. ಅವನ್ನು ಅರ್ಧ ಅರ್ಧವಾಗಿ ಒಡೆಯುತ್ತ ಹೋಗುವ ಉಪಾಯ ಗೌಸ್‌ಗೆ 1805ರ ಸುಮಾರಿಗೇ ಗೊತ್ತಿತ್ತು; 1965ರಲ್ಲಿ ಕೂಲಿ ಮತ್ತು ಟ್ಯೂಕಿ ಮತ್ತೆ ಬೆಳಕಿಗೆ ತಂದರು. ದಶಮಾಂಶದ ತಂಟೆ ಬೇಡವೆಂದು ಇಲ್ಲಿ ಎಲ್ಲವನ್ನೂ 3329ರಿಂದ ಭಾಗಿಸಿದ ಶೇಷದಲ್ಲಿ ಮಾಡುತ್ತಾರೆ. 3328 ಅಂದರೆ 13 ಸಲ 256, ಹಾಗಾಗಿ ಒಡೆಯಲು ಬೇಕಾದ ಸಂಖ್ಯೆ ಸಿಗುತ್ತದೆ: 17. ಅದರ ಘಾತಗಳು 17, 289, 1584, 296 ಎಂದು ಹೋಗಿ, 256ನೇ ಘಾತದಲ್ಲಿ ಮೊದಲ ಸಲ 1ಕ್ಕೆ ಬರುತ್ತವೆ. ಒಡೆಯಲು ಏಳು ಹಂತ, ಹಂತಕ್ಕೆ 128 ಗುಣಾಕಾರ. ಒಡೆದು, ಗುಣಿಸಿ, ಮತ್ತೆ ಜೋಡಿಸುವುದೆಲ್ಲ ಸೇರಿ ನಾಲ್ಕು ಸಾವಿರ ದಾಟುವುದಿಲ್ಲ.

ಹೀಗೆ ಕಟ್ಟಿದ ಗೂಢಲಿಪಿಯ ಹೆಸರು ಕೈಬರ್. ರೂಪಿಸಿದವರಲ್ಲಿ ಒಬ್ಬರಾದ ಡಾಮಿಯೆನ್ ಸ್ಟೆಲೆ ಆಗ ಇದೇ ಊರಿನಲ್ಲಿದ್ದರು. 2024ರ ಆಗಸ್ಟ್‌ನಲ್ಲಿ ಅಮೆರಿಕ ಇದನ್ನು ಎಂಎಲ್-ಕೆಮ್ ಎಂಬ ಹೆಸರಿನಲ್ಲಿ ಮಾನದಂಡ ಮಾಡಿತು. ಕಂಪ್ಯೂಟರಿನ ಕ್ರೋಮ್ ಬ್ರೌಸರ್‌ನಲ್ಲಿ ಆ ವರ್ಷದಿಂದಲೇ ಹಳೆಯ ವಿಧಾನದ ಜೊತೆಗೆ ಇದೂ ಇದೆ.

ನನ್ನನ್ನು ಕಾಡುವ ಪ್ರಶ್ನೆ ಒಂದೇ. ನಮಗೆ ವೇಗ ಕೊಟ್ಟ ಈ ಅಚ್ಚುಕಟ್ಟು ಕಳ್ಳನಿಗೂ ದಾರಿ ಕೊಟ್ಟರೆ? ಕೈಬರ್ ವಿಷಯದಲ್ಲಿ ಅಂಥ ದಾರಿ ಯಾರಿಗೂ ಸಿಕ್ಕಿಲ್ಲ, ನನಗೆ ಅದರ ಮೇಲೆ ನಂಬಿಕೆಯೂ ಇದೆ. ಆದರೂ ಯಾವ ರಚನೆಯೂ ಇಲ್ಲದ ಮ್ಯಾಟ್ರಿಕ್ಸ್ ಬಳಸುವ ಫ್ರೋಡೋಕೆಮ್ ಎಂಬ ಇನ್ನೊಂದು ಗೂಢಲಿಪಿಯನ್ನು ಕೈಬಿಡಬಾರದು ಅನ್ನುವವರ ಪಕ್ಷ ನಾನು. ಜರ್ಮನಿಯ ಸರ್ಕಾರಿ ಮಾಹಿತಿ ಭದ್ರತಾ ಸಂಸ್ಥೆಯೂ ಅದನ್ನು ಶಿಫಾರಸು ಮಾಡುತ್ತದೆ. ಫ್ರೋಡೋಕೆಮ್‌ನ ಅತಿ ಚಿಕ್ಕ ಬಹಿರಂಗ ಕೀಲಿಗೆ (ಎಲ್ಲರಿಗೂ ಕಳಿಸಬಹುದಾದ ಕೀಲಿ) 9,616 ಬೈಟ್, ಕೈಬರ್‌ದಕ್ಕೆ 800. ಭಾರವೇ, ಆದರೆ ಒಂದು ಕುಸಿದರೆ ಇನ್ನೊಂದು ಇರಬೇಕು.

ಮೇಲಿನ ಸಾಲುಗಳನ್ನು ಕ್ರಮವಾಗಿ 1, 0, 2, 1ರಿಂದ ಗುಣಿಸಿ ಕೂಡಿ. ಆಮೇಲೆ ಮೊದಲ ಸಾಲಿನದೊಂದು, ಈ ನಾಲ್ಕು ಸಂಖ್ಯೆಗಳದೊಂದು, ಹೀಗೆ ಎರಡು ಬಹುಪದೋಕ್ತಿ ಬರೆದು ಗುಣಿಸಿ, ಎಕ್ಸ್‌ನ ನಾಲ್ಕನೇ ಘಾತ ಇರುವಲ್ಲೆಲ್ಲ ಮೈನಸ್ ಒಂದು ಹಾಕಿ. ಎರಡೂ ತಾಳೆಯಾದವೇ ಎಂದು ಭಾನುವಾರ ಫೋನ್ ಮಾಡಿದಾಗ ಹೇಳಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು