ಹನ್ನೆರಡು ತಿಂಗಳ ಕಾಗದ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಈ ಪತ್ರವನ್ನು ಮೂರು ವರ್ಷದ ಹಿಂದೆಯೇ ಬರೆಯಬೇಕಿತ್ತು. ಪ್ರತಿ ಸಲ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಹಾಕುವ ಹೊತ್ತಿಗೆ, ಸುಮ್ನೆ ಯಾಕೆ ಎದುರು ಹಾಕಿಕೊಳ್ಳೋದು ಅಂತ ಬಿಟ್ಟೆ. ಈ ವರ್ಷ ಬಿಡೋಕಾಗಲಿಲ್ಲ.

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷ ಆಯಿತು. ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಕಡೆ. ಅಲ್ಲಿ ಒಂಬತ್ತು ವರ್ಷ ಮನೆಯಲ್ಲಿ ಇದ್ದು ದುಡಿಯುವವರನ್ನು ಅತಿಥಿ ಅನ್ನುವುದಿಲ್ಲ, ಆಳು ಅನ್ನುತ್ತಾರೆ. ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ. ಅದು ನಿಮಗೂ ಗೊತ್ತು.

ಪಾಠದ ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಗುಳೆ. ಜಗಳೂರು ಕಡೆಯ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ ಹೋಗುವವರ ಬದುಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿದ್ದೇ ರಾಜ್ಯದ ಗಡಿ ದಾಟಿದವರಿಗಾಗಿ. ಜಗಳೂರಿನಿಂದ ಮೂಡಿಗೆರೆಗೆ ಹೋದವರು ಆ ಲೆಕ್ಕಕ್ಕೆ ಬರಲೇ ಇಲ್ಲ. ಮನೆಮಂದಿಯೆಲ್ಲ ಗಂಟು ಮೂಟೆ ಕಟ್ಟಿ ಹೋದರೂ ಕಾನೂನಿನ ಕಣ್ಣಿಗೆ ಅವರು ಎಲ್ಲಿಗೂ ಹೋಗಿಲ್ಲ.

ಒಂದು ದಿನ ಪ್ರಶ್ನಾವಳಿ ಹಿಡಿದು ಕೂತಿದ್ದೆ. ಅಲ್ಲಿನ ಒಬ್ಬ ಅಜ್ಜಿ ನನ್ನನ್ನೇ ಕೇಳೋಕೆ ಶುರು ಮಾಡಿತು. ವರ್ಷಕ್ಕೆ ಎಷ್ಟು ತಿಂಗಳು ಕೆಲಸ? ಹತ್ತು. ಉಳಿದದ್ದು? ಕೂಲಿ ಇಲ್ಲ. ಮತ್ತೆ ಕರೀತಾರಾ? ಕರೆದರೆ ಉಂಟು. ಮೇಸ್ತ್ರಿ ಮುಂಗಡ ಕೊಡ್ತಾನಾ? ಇಲ್ಲ ಅಂದೆ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಮಗೆ ಮುಂಗಡನಾದ್ರೂ ಕೊಡ್ತಾರೆ ಕಣವ್ವ" ಅಂತು. ಆಮೇಲೆ ಟೀ ಕೊಟ್ಟು ಕಳಿಸಿತು. ಆ ಮಾತನ್ನು ನನ್ನ ಪ್ರಬಂಧದ ಯಾವ ಅಧ್ಯಾಯಕ್ಕೆ ಹಾಕಬೇಕು ಅಂತ ಇನ್ನೂ ತಿಳಿದಿಲ್ಲ.

ಈಗ ಈ ಪತ್ರಕ್ಕೆ ಕಾರಣವಾದ ಸಂಗತಿಗೆ ಬರುತ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ನ್ಯಾಕ್ ತಂಡ, ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವವರು, ಬಂದಿತ್ತು. ವಾರ ಮುಂಚೆ ನಮಗೆಲ್ಲ ಫೋನ್. ರೇಷ್ಮೆ ಸೀರೆ ಉಟ್ಟು ಬನ್ನಿ, ಮೂರು ದಿನ ಯಾರೂ ತಪ್ಪಿಸಬೇಡಿ. ಹೋದೆ. ಯಾವತ್ತೂ ಒಂದು ಕುರ್ಚಿ ಸಿಗದ ನನಗೆ ಟೇಬಲ್ಲು, ಅದರ ಮೇಲೆ ನಾಮಫಲಕ. ನನ್ನ ಹೆಸರಿನ ಕೆಳಗೆ 'ಸಹಾಯಕ ಪ್ರಾಧ್ಯಾಪಕರು'. ಅಮ್ಮನಿಗೆ ಫೋಟೋ ತೆಗೆದು ತೋರಿಸಿದೆ, ಅದೊಂದು ತಪ್ಪು ಮಾಡಿದೆ. ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಟೇಬಲ್ಲು ಬೇರೆ ಕೋಣೆಗೆ ಹೋಗಿತ್ತು. ನಾಮಫಲಕ ಮೂಲೆಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಬಂದೆ.

ಈ ಜೂನ್ ಮೊದಲ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಗಬೇಕು. ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಕೆಲಸದಲ್ಲಿ ಇದ್ದೀರಿ ಅಂತ ಒಂದು ಪತ್ರ ತನ್ನಿ ಅಂದರು. ಕಚೇರಿಗೆ ಹೋದೆ. "ಮೇಡಂ, ಮೇ 31ಕ್ಕೆ ನಿಮ್ಮ ಅವಧಿ ಮುಗೀತು. ಈಗ ನೀವು ಇಲ್ಲಿ ಯಾರೂ ಅಲ್ಲ, ಏನಂತ ಬರೆದುಕೊಡೋದು?" ಅಂದರು. ಸಿಟ್ಟಿಲ್ಲದೆ, ಪಾಪ, ಹವಾಮಾನ ಹೇಳುವ ಹಾಗೆ ಹೇಳಿದರು. ಆ ಹೊತ್ತಿಗೆ ನನ್ನ ಚೀಲದಲ್ಲಿ ಅದೇ ಕಚೇರಿ ಕೊಟ್ಟ ಮೌಲ್ಯಮಾಪನದ ಆದೇಶ ಇತ್ತು. ಬೆಳಿಗ್ಗೆ ನಲವತ್ತು ಉತ್ತರ ಪತ್ರಿಕೆ ನೋಡಿ ಬಂದಿದ್ದೆ. ಆದೇಶ ತೆಗೆದು ತೋರಿಸಿದೆ. "ಅದು ಪರೀಕ್ಷಾ ವಿಭಾಗದ್ದು, ಇದು ಆಡಳಿತ ವಿಭಾಗ" ಅಂದರು. ಯಾರೂ ಅಲ್ಲದವಳು ಹಾಕಿದ ಅಂಕಕ್ಕೆ ಮಕ್ಕಳು ಪಾಸಾಗುತ್ತಾರೆ ಸಾರ್. ಅದಾದರೂ ನಿಮಗೆ ಕಸಿವಿಸಿ ತರಬೇಕಲ್ವಾ?

ಆ ಉತ್ತರ ಪತ್ರಿಕೆಗಳಲ್ಲಿ ಇದ್ದ ಪ್ರಶ್ನೆ ಏನು ಗೊತ್ತಾ? ಸಾಮಾಜಿಕ ಪೌರತ್ವ, ಹತ್ತು ಅಂಕ. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಟಿ.ಎಚ್. ಮಾರ್ಷಲ್ 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸದ ವಿಚಾರ. ಕೋರ್ಟಿಗೆ ಹೋಗುವ ಹಕ್ಕು ಇದ್ದರೆ ಸಾಲದು, ಓಟು ಇದ್ದರೂ ಸಾಲದು, ಸುತ್ತಲಿನವರು ಬದುಕುವ ಹಾಗೆ ಬದುಕುವಷ್ಟು ಭದ್ರತೆಯೂ ಬೇಕು ಅನ್ನೋದು ಅದರ ತಿರುಳು. ಮಕ್ಕಳು ಚೆನ್ನಾಗಿಯೇ ಬರೆದಿದ್ದರು. ಒಂಬತ್ತು ವರ್ಷದಿಂದ ನಾನೇ ಹೇಳಿಕೊಟ್ಟ ಪಾಠ.

ನನ್ನ ಭದ್ರತೆ ಹೀಗಿದೆ. ಬಿಪಿಎಲ್ ಕಾರ್ಡಿನ ವರ್ಷಕ್ಕೆ 1.2 ಲಕ್ಷದ ಮಿತಿ ದಾಟಿದ್ದೇನೆ. ನೌಕರರ ಆರೋಗ್ಯ ವಿಮೆ ಇಎಸ್ಐಗೆ ತಿಂಗಳಿಗೆ 21,000 ರೂಪಾಯಿಯ ಮಿತಿ, ಅದನ್ನೂ ದಾಟಿದ್ದೇನೆ. ಅಲ್ಲೆಲ್ಲ ನನ್ನದು ಜಾಸ್ತಿ ಸಂಬಳ. ಬ್ಯಾಂಕಿನಲ್ಲಿ ಮಾತ್ರ ಅದು ಸಂಬಳವೇ ಅಲ್ಲ, ಗೌರವಧನ! ಗೌರವ ಎಲ್ಲಿದೆ ಅಂತ ಕೇಳಬೇಡಿ, ಧನದ ಮಾತು ಹೇಳುತ್ತೇನೆ. ಅತಿಥಿ ಉಪನ್ಯಾಸಕರ ಗೌರವಧನದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2019ರ ಸುತ್ತೋಲೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತರಗತಿಗೆ 1,500, ತಿಂಗಳಿಗೆ 50,000ದವರೆಗೆ. ನನ್ನ ಕೈಗೆ ಬರುವುದು ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅದೂ ಮೂರು ತಿಂಗಳಿಗೊಮ್ಮೆ. ಇನ್ನೊಂದು ವಿಚಿತ್ರ ನೋಡಿ. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನದ ಹೆರಿಗೆ ರಜೆಗೆ ಯುಜಿಸಿ ನಿಯಮದಲ್ಲಿ ಅವಕಾಶ ಇದೆ. ನನ್ನ ಸಹೋದ್ಯೋಗಿ ಒಬ್ಬಳು ನನ್ನ ಹಾಗೇ ಎರಡೂ ಮಾಡುತ್ತಿದ್ದಳು. ಸಂಶೋಧಕಿಯಾಗಿ ರಜೆ ಸಿಕ್ಕಿತು, ಉಪನ್ಯಾಸಕಿಯಾಗಿ ಕೆಲಸ ಹೋಯಿತು. ಒಂದೇ ಹೊಟ್ಟೆ, ಒಂದೇ ಮಗು.

ಆದ್ದರಿಂದ ಕೇಳುತ್ತಿದ್ದೇನೆ, ಹನ್ನೆರಡು ತಿಂಗಳ ನೇಮಕಾತಿ ಪತ್ರ ಕೊಡಿ. ಕಾಯಂ ಮಾಡಿ ಅಂತ ಈ ಪತ್ರದಲ್ಲಿ ಕೇಳುತ್ತಿಲ್ಲ. ಅದನ್ನು ಜಯದೇವ ಸರ್ಕಲ್‌ನಲ್ಲಿ ಬಿಸಿಲಲ್ಲಿ ಕೂತು ಕೇಳಿದ್ದೇವೆ, ಮನವಿ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ. ನಾನು ಕೇಳುವುದು ಒಂದು ಕಾಗದ. ಜೂನ್‌ನಲ್ಲೂ ನಾನು ಯಾರೋ ಒಬ್ಬಳು ಅಂತ ಹೇಳುವ ಕಾಗದ.

ನಿಮ್ಮ ಸರ್ಕಾರಕ್ಕೆ ಇದು ಬರದ ವಿದ್ಯೆ ಏನಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅವತ್ತಿನಿಂದ ಜಗಳೂರು ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ. (ಖಾಸಗಿ ಬಸ್ಸು ಬಂದರೆ ಆ ಮಾತಿಲ್ಲ, ನಮ್ಮ ಕಡೆ ಅವೇ ಜಾಸ್ತಿ.) ಯಾವ ಊರವಳು, ಅವಧಿ ಮುಗಿದಿದೆಯಾ, ಯಾವ ವಿಭಾಗ, ಏನೂ ಕೇಳುವುದಿಲ್ಲ. ನಾನು ಎಲ್ಲಿ ಹತ್ತಿದರೂ ಆ ಹಕ್ಕು ನನ್ನ ಜೊತೆಗೇ ಹತ್ತುತ್ತದೆ. ಪಕ್ಕದ ಸೀಟಿನಲ್ಲಿ ತಾಂಡಾದ ಹೆಂಗಸು ಕೂತಿದ್ದರೆ ಅವಳಿಗೂ ಅದೇ ಟಿಕೆಟ್. ಬಸ್ಸಿಳಿದ ಮೇಲೆ ಇಬ್ಬರಿಗೂ ಅದು ಮುಗಿಯುತ್ತದೆ.

ಮತ್ತೆ ಹೇಳುತ್ತೇನೆ, ಹನ್ನೆರಡು ತಿಂಗಳ ಪತ್ರ ಕೊಡಿ. ಸಮಿತಿ ಮಾಡಬೇಡಿ. ವರದಿ ತರಿಸಬೇಡಿ. ಪತ್ರ ಕೊಡಿ.

ಅಮ್ಮನ ಆಪರೇಷನ್ ಆಯಿತು. ದುಡ್ಡು ಚಿನ್ನ ಅಡ ಇಟ್ಟು ಹೊಂದಿಸಿದೆ. ಅಲ್ಲಿ ಯಾರೂ ಸೇವಾ ಪತ್ರ ಕೇಳಲಿಲ್ಲ.

ಉತ್ತರ ಬರೆಯುವುದಾದರೆ ಜುಲೈ ಮುಗಿಯುವುದರೊಳಗೆ ಬರೆಯಿರಿ. ನನ್ನ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳದು, ಅಲ್ಲಿಗೆ ಮುಗಿಯುತ್ತದೆ. ಮುಂದಿನ ಕರಾರಿಗೆ ಓನರ್ ಕೂಡ ಕೆಲಸದ ಪತ್ರ ಕೇಳಿದ್ದಾರೆ.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕಿ
ದಾವಣಗೆರೆ