ಬಿರುಕಿಗೆ ಪುಟ್ಟಿ ಹಚ್ಚಬೇಡ ಮಾರಾಯ

ಪ್ರಿಯ ಗೆಳೆಯ,

ನೀನು ಕಳಿಸಿದ ಫೋಟೋ ನೋಡಿದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿದೆ ಬಿರುಕು. "ಪೇಂಟರ್ ಪುಟ್ಟಿ ಹಚ್ಚಿ ಮುಚ್ಚಿಬಿಡ್ತೀನಿ ಅಂತಿದಾನೆ, ಹಚ್ಚಿಸಲಾ?" ಅಂತ ಕೇಳಿದ್ದೀಯ. ಬೇಡ ಮಾರಾಯ, ಸದ್ಯಕ್ಕೆ ಬೇಡ. ಅದೇ ಕೆಲಸ ನಾನು ಎರಡು ಸಲ ಮಾಡಿ ಕೈ ಸುಟ್ಟುಕೊಂಡವನು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಇನ್ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತೇನೆ. ನಿನ್ನ ಮನೆಯ ಗುರುತು ಹೇಳುವುದಿಲ್ಲ, ಹೆದರಬೇಡ.

ಸಾಗರದ ಹತ್ತಿರದ ನಮ್ಮ ಮನೆ ನಿನಗೆ ಗೊತ್ತಲ್ಲ. ಮುಂದಿನ ಭಾಗ ಅಜ್ಜನ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಹೆಂಚಿನ ಮಾಡು. ಹಿಂದಿನ ಎರಡು ಕೋಣೆ ಅಪ್ಪ 1986ರಲ್ಲಿ ಕಟ್ಟಿಸಿದ್ದು. ಅಲ್ಲಿ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ ತಾರಸಿ. ಅಪ್ಪನಿಗೆ ಈ ಕೋಣೆಗಳ ಬಗ್ಗೆ ಭಾರೀ ಹೆಮ್ಮೆ ಇತ್ತು. "ಸಿಮೆಂಟಿಂದು, ಇನ್ನು ನೂರು ವರ್ಷ ನೋಡೋ ಹಾಗಿಲ್ಲ" ಅನ್ನುತ್ತಿದ್ದರು. ಮೂವತ್ತು ವರ್ಷಕ್ಕೇ ನೋಡಬೇಕಾಯಿತು.

ಮೊದಲು ಕಂಡಿದ್ದು ಅಲ್ಲಿಯ ಒಂದು ಕಿಟಕಿಯ ಮೇಲೆ, ಕೂದಲೆಳೆಯಂಥ ಬಿರುಕು. ದೀಪಾವಳಿಗೆ ಸುಣ್ಣ ಬಳಿಯುವಾಗ ವೈಟ್ ಸಿಮೆಂಟ್ ತುಂಬಿದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅಲ್ಲೇ ಹಾಜರು. ಮತ್ತೆ ತುಂಬಿದೆ, ಈ ಸಲ ದುಬಾರಿ ಪುಟ್ಟಿ. ಮೂರನೇ ವರ್ಷ ಲಿಂಟಲ್‌ನ (ಕಿಟಕಿಯ ಮೇಲೆ ಗೋಡೆ ಹೊರಲು ಅಡ್ಡ ಹಾಕುವ ತೊಲೆ) ತಳದಲ್ಲಿ ಕಂದು ಗೆರೆ ಮೂಡಿ ಕೆಳಗೆ ಇಳಿಯಿತು. ಅಮ್ಮ ನೋಡಿ "ಗೋಡೆ ಕವಳ ಉಗಿದ ಹಾಗಿದೆಯಲ್ಲೋ" ಅಂದಳು. ನಾನು ನಕ್ಕು ಸುಮ್ಮನಾದೆ. ಒಂದು ಮಧ್ಯಾಹ್ನ ಅಂಗೈ ಅಗಲದ ಚಕ್ಕೆ ಕಿತ್ತು ಕಿಟಕಿ ಕಟ್ಟೆಯ ಮೇಲೆ ಬಿತ್ತು. ಅಮ್ಮ ತರಕಾರಿ ಹೆಚ್ಚುತ್ತಾ ಕೂರುವ ಜಾಗ ಅದು. ಅವತ್ತು ಅವಳು ಕೊಟ್ಟಿಗೆಯಲ್ಲಿದ್ದಳು, ಪುಣ್ಯ.

ಅಪ್ಪನ ಕಾಲದಿಂದಲೂ ನಮ್ಮಲ್ಲಿಗೆ ಬರುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಬಂದವರು ಬಿರುಕನ್ನು ನೋಡಲೇ ಇಲ್ಲ. ನೇರ ಹೊರಗೆ ಹೋಗಿ, ಕಿಟಕಿಯ ಮೇಲೆ ಮಳೆ ತಡೆಯಲು ಚಾಚಿದ ಸಜ್ಜದ ಕೆಳಗೆ ನಿಂತು ಕತ್ತೆತ್ತಿದರು. "ತಮ್ಮಾ, ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿದ್ಯಾ?" ಅಂದರು. ಹುಡುಕಿರಲಿಲ್ಲ. ಸಜ್ಜದ ಅಂಚಿನ ತಳದಲ್ಲಿ ಉದ್ದಕ್ಕೂ ಒಂದು ಗೀರು ಇರಬೇಕಂತೆ. ಹರಿದು ಬಂದ ನೀರು ಅಲ್ಲಿಗೆ ಬಂದು ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ನಮ್ಮ ಸಜ್ಜಕ್ಕೆ ಅದಿರಲಿಲ್ಲ. ಮೂವತ್ತು ಮಳೆಗಾಲದ ನೀರು ಸಜ್ಜದ ತಳ ಹಿಡಿದು ಗೋಡೆಗೆ ಬಂದಿತ್ತು, ಅಲ್ಲಿಂದ ಲಿಂಟಲ್ ಒಳಗೆ. ಮಲೆನಾಡಿನ ಮಳೆ ನಿನಗೆ ಹೇಳಬೇಕಾ!

ಒಳಗೆ ಆಗಿದ್ದು ಇಷ್ಟು. ಕಾಂಕ್ರೀಟು ಹೊಸದಿದ್ದಾಗ ಅದರ ಕ್ಷಾರ ಒಳಗಿನ ಕಬ್ಬಿಣದ ಕಂಬಿಯನ್ನು ಕಾಪಾಡುತ್ತದೆ, ತುಕ್ಕು ಹಿಡಿಯಲು ಬಿಡುವುದಿಲ್ಲ. ಗಾಳಿಯಲ್ಲಿನ ಕಾರ್ಬನ್ ಡೈ ಆಕ್ಸೈಡ್ ವರ್ಷವರ್ಷವೂ ಒಂಚೂರು ಒಳಗೆ ಇಳಿದು ಆ ಕ್ಷಾರವನ್ನು ಕೊಲ್ಲುತ್ತಾ ಬರುತ್ತದೆ. ಅದು ಕಂಬಿಯವರೆಗೆ ಮುಟ್ಟಿದ ಮೇಲೆ ನೀರು ಸಿಕ್ಕರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಅದು ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅದಕ್ಕೇ ಕಂಬಿಯ ಕೆಳಗೆ ಕನಿಷ್ಠ 20–25 ಮಿಲಿಮೀಟರ್ ಕಾಂಕ್ರೀಟ್ ಇರಬೇಕು ಅನ್ನುವುದು. ನಮ್ಮಲ್ಲಿ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚಿನ) ಹಲಗೆಯ ಮೇಲೇ ಕಂಬಿ ಮಲಗಿಸಿ ಕಾಂಕ್ರೀಟ್ ಸುರಿದಿದ್ದರು. ಒಡೆದು ನೋಡಿದರೆ, ಸೀಮೆಸುಣ್ಣದಷ್ಟು ದಪ್ಪ ಇರಬೇಕಿದ್ದ 10 ಎಂಎಂ ಕಂಬಿ ಕೆಲವು ಕಡೆ ಪೆನ್ನಿನ ರೀಫಿಲ್‌ನಷ್ಟಾಗಿತ್ತು. ಅಂಥದರ ಮೇಲೆ ನಾನು ಪುಟ್ಟಿ ಹಚ್ಚಿದ್ದೆ, ಸಣ್ಣಗೆ ಸ್ಯಾಂಡ್‌ಪೇಪರ್ ಬೇರೆ ಉಜ್ಜಿದ್ದೆ.

ಎಲ್ಲ ಬಿರುಕೂ ಇದೇ ಅಲ್ಲ. ಲಿಂಟಲ್ ಮತ್ತು ಇಟ್ಟಿಗೆ ಸೇರುವಲ್ಲಿ ಸಣ್ಣ ಗೆರೆ ಇದ್ದು, ಅದು ವರ್ಷಗಟ್ಟಲೆ ಹಾಗೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡ. ತಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟು ಕಂದು ಕಲೆ ಇದ್ದರೆ ತುಕ್ಕು. ನಿನ್ನದರ ಹಾಗೆ ಮೂಲೆಯಿಂದ ಮೆಟ್ಟಿಲಾಗಿ ಹತ್ತಿದರೆ ಲಿಂಟಲ್ ಬಗ್ಗಿರಬಹುದು, ಇಲ್ಲಾ ಗೋಡೆಯ ಮೇಲೆ ಕೂರುವ ಅದರ ತುದಿ ಕುಸಿದಿರಬಹುದು. ಎರಡೂ ಕಡೆ 6 ಇಂಚಾದರೂ ಗೋಡೆಯೊಳಗೆ ಕೂತಿರಬೇಕು, 9 ಇಂಚಿದ್ದರೆ ಇನ್ನೂ ಒಳ್ಳೆಯದು. ಆದರೆ ಕಿಟಕಿಯ ಕೆಳಗಿನ ಗೋಡೆಯಲ್ಲೂ ಅದೇ ಥರ ಬಿರುಕು ಇಳಿದಿದ್ದರೆ ಕಥೆ ಪಾಯದ್ದು. ಆಗ ಲಿಂಟಲ್ ಬದಲಾಯಿಸಿ ಏನೂ ಆಗುವುದಿಲ್ಲ. ಅದನ್ನು ಮೊದಲು ನೋಡು.

ನಮ್ಮ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಬಿಟ್ಟುಕೊಂಡಲ್ಲಿ ಡಬ ಡಬ. ಹಲಸಿನಹಣ್ಣು ತಟ್ಟಿ ನೋಡಿದ ಹಾಗೇ. ಅರ್ಧಕ್ಕಿಂತ ಜಾಸ್ತಿ ಡಬ ಡಬ ಅಂತು. ತುಕ್ಕು ಕಡಿಮೆ ಇದ್ದಿದ್ದರೆ ರಿಪೇರಿ ಮಾಡಬಹುದಿತ್ತು. ಸಡಿಲ ಕಾಂಕ್ರೀಟನ್ನೆಲ್ಲ ಕಂಬಿಯ ಹಿಂದಿನವರೆಗೂ ಕೆತ್ತಿ ತೆಗೆಯಬೇಕು, ತಂತಿ ಬ್ರಶ್ಶಿನಲ್ಲಿ ಕಂಬಿ ಹೊಳೆಯುವ ತನಕ ಉಜ್ಜಬೇಕು, ತುಕ್ಕು ತಡೆಯುವ ಲೇಪ ಹಚ್ಚಿ ಪಾಲಿಮರ್ ಗಾರೆ ತುಂಬಬೇಕು. ಕಂಬಿಯ ಹಿಂಭಾಗ ಬಿಟ್ಟು ಮುಂದಷ್ಟೇ ಉಜ್ಜಿದರೆ ದುಡ್ಡು ದಂಡ. ನಮ್ಮದು ಆ ಹಂತ ದಾಟಿತ್ತು, ಹೊಸದೇ ಹಾಕಬೇಕಿತ್ತು.

ಇಲ್ಲಿ ನನಗೊಂದು ಹೆದರಿಕೆ. ಲಿಂಟಲ್ ತೆಗೆದರೆ ಮೇಲಿನ ಗೋಡೆ ಪೂರ್ತಿ ತಲೆ ಮೇಲೆ ಬೀಳುವುದಿಲ್ಲವಾ? ಪರಿಚಯದ ಎಂಜಿನಿಯರ್ ಒಬ್ಬರು ಕಾಗದದ ಮೇಲೆ ಒಂದು ಮುಕ್ಕೋಣ ಬರೆದು ತೋರಿಸಿದರು. ಇಟ್ಟಿಗೆಗಳು ಒಂದನ್ನೊಂದು ಹಿಡಿದುಕೊಂಡು ಭಾರವನ್ನು ಅಕ್ಕಪಕ್ಕಕ್ಕೆ ದಾಟಿಸುತ್ತವೆ. ಲಿಂಟಲ್ ಹೊರುವುದು ಅದರ ಮೇಲಿನ ಮುಕ್ಕೋಣದಷ್ಟು ಗೋಡೆಯನ್ನು ಮಾತ್ರ. ಖುಷಿಯಾಯಿತು. ಆಮೇಲೆ ಅವರೇ ಅಳತೆ ಹಾಕಿದರು. ಕಿಟಕಿ 4 ಅಡಿ ಅಗಲ, ಅಂದರೆ ಮುಕ್ಕೋಣದ ಎತ್ತರ ಸುಮಾರು ಮೂರೂವರೆ ಅಡಿ. ಲಿಂಟಲ್ ಇರುವುದು 7 ಅಡಿಗೆ, ಆರ್‌ಸಿಸಿ 10 ಅಡಿಗೆ. ಮುಕ್ಕೋಣ ಮುಗಿಯುವ ಮೊದಲೇ ತಾರಸಿ ಬಂತು! ತಾರಸಿಯ ಭಾರವೂ ಒಂದಿಷ್ಟು ಬೀಳುತ್ತದೆ, ಹಾಗಾಗಿ ಒಳಗಿನಿಂದ ತಾರಸಿಗೂ ಜಾಕಿ (ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಆಸರೆ ಕಂಬ) ಕೊಡಲೇಬೇಕು ಅಂದರು. ನಿನ್ನ ಮನೆಯಲ್ಲೂ ಇದನ್ನು ಅಳೆಯಿಸು. ಮಹಡಿ ಇದ್ದರಂತೂ ಎಂಜಿನಿಯರ್ ಇಲ್ಲದೆ ಒಂದು ಇಟ್ಟಿಗೆಯನ್ನೂ ಮುಟ್ಟಿಸಬೇಡ.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಸಜ್ಜ ಲಿಂಟಲ್‌ನಿಂದ ಹೊರಗೆ ಚಾಚಿಕೊಂಡಿರುತ್ತದೆ, ಅದು ಮಗುಚಿ ಬೀಳದೆ ನಿಂತಿರುವುದು ಲಿಂಟಲ್ ಮೇಲೆ ಕೂತಿರುವ ಗೋಡೆಯ ಭಾರದಿಂದ. ಗೋಡೆ ಬಿಚ್ಚಿದರೆ ಆ ಭಾರ ಹೋಯಿತು, ಸಜ್ಜ ಕೆಲಸದವರ ಮೇಲೆ. ಅದಕ್ಕೆ ಮೊದಲು ಸಜ್ಜಕ್ಕೆ ಕೆಳಗಿನಿಂದ ಆಸರೆ ಕೊಟ್ಟು, ತುಂಡು ತುಂಡಾಗಿ ಒಡೆದು ಇಳಿಸಿದರು. ಇದರಲ್ಲೊಂದು ತಮಾಷೆ ಇದೆ ನೋಡು. ಲಿಂಟಲ್‌ಗೆ ಮುಖ್ಯ ಕಂಬಿ ತಳದಲ್ಲಿರಬೇಕು, ಯಾಕೆಂದರೆ ಬಗ್ಗುವಾಗ ಎಳೆತ ಬೀಳುವುದು ಅಲ್ಲಿ. ಸಜ್ಜಕ್ಕೆ ಮೇಲ್ಭಾಗದಲ್ಲಿರಬೇಕು. ಎರಡನ್ನೂ ಒಂದೇ ದಿನ, ಒಟ್ಟಿಗೇ ಹಾಕುತ್ತಾರೆ. ಬಾಂಡ್ಲಿ ಹೊತ್ತವರು ಸಜ್ಜದ ಕಂಬಿ ತುಳಿದುಕೊಂಡು ಓಡಾಡಿದರೆ ಅದು ತಳಕ್ಕೆ ಹೋಗುತ್ತದೆ. ಇದ್ದೂ ಇಲ್ಲದ ಹಾಗೆ.

ಎಳೆತ ಅಂದೆನಲ್ಲ, ಕಲ್ಲಿನದೂ ಇದೇ ಗೋಳು. ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹಂಪಿಯಲ್ಲಿ ಬಿರುಕು ಬಿಟ್ಟ ಕಲ್ಲಿನ ತೊಲೆಗಳ ಕೆಳಗೆ ಕಂಬ ಕಟ್ಟಿ ಆಸರೆ ಕೊಟ್ಟಿದ್ದನ್ನು ನಾವಿಬ್ಬರೂ ನೋಡಿದ್ದೇವೆ. ಕಾಲೇಜು ಟೂರಿನಲ್ಲಿ ನೀನು ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡಿದ್ದೆ! ವಿಜಯಪುರದ ಬಾರಾ ಕಮಾನಿಗೆ ಆ ತೊಂದರೆ ಇಲ್ಲ. ಕಮಾನಿನಲ್ಲಿ ಕಲ್ಲಿಗೆ ಬೀಳುವುದು ಒತ್ತಡವೇ. ಮೇಲೆ ಮಾಡು ಇಲ್ಲದೆ, ಕೆಲಸ ಅರ್ಧಕ್ಕೆ ನಿಂತು, 300 ವರ್ಷಕ್ಕೂ ಜಾಸ್ತಿಯಿಂದ ಹಾಗೇ ನಿಂತಿವೆ.

ಸರಿ, ಕೆಲಸಕ್ಕೆ ಬರುತ್ತೇನೆ. ಹೊಸ ಲಿಂಟಲನ್ನು ಅಂಗಳದಲ್ಲೇ ಹಾಕಿದೆವು. ಉದ್ದ ಐದೂವರೆ ಅಡಿ, ಎತ್ತರ 6 ಇಂಚು. 9 ಇಂಚಿನ ಗೋಡೆಗೆ ಒಂದೇ ಲಿಂಟಲ್ ಹಾಕಿದರೆ ಸುಮಾರು 145 ಕಿಲೋ ತೂಗುತ್ತದೆ. ಎತ್ತುವುದು ಯಾರು? ಮೇಸ್ತ್ರಿ ಅದನ್ನು ನಾಲ್ಕೂವರೆ ಇಂಚು ಅಗಲದ ಎರಡು ಲಿಂಟಲ್ ಮಾಡಿದರು. ಇಬ್ಬರು ಹೊರಬಹುದು, ಪಕ್ಕ ಪಕ್ಕ ಕೂರಿಸಿದರೆ ಆಯಿತು. ಒಂದು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ. ಈ ಸಲ ಕಂಬಿಯ ಕೆಳಗೆ ಕವರ್ ಬ್ಲಾಕ್ (ಕಂಬಿ ಹಲಗೆಗೆ ತಾಗದ ಹಾಗೆ ಇಡುವ ಸಣ್ಣ ತುಂಡು) ಇಟ್ಟಿದ್ದನ್ನು ನಾನೇ ಎಣಿಸಿದೆ. ಗೋಣಿಚೀಲ ಹೊದಿಸಿ ನೀರು ಹಾಕುವ ಕೆಲಸ ಅಮ್ಮ ವಹಿಸಿಕೊಂಡಳು. ಹಸಿ ಇರುವಾಗಲೇ ಅದರ ಬೆನ್ನ ಮೇಲೆ ಮೊಳೆಯಲ್ಲಿ "ಮೇಲೆ" ಅಂತ ಬರೆದವಳೂ ಅವಳೇ. ಬರೆಯಿಸಿದ್ದು ಮೇಸ್ತ್ರಿ. ಒಣಗಿದ ಮೇಲೆ ಎರಡೂ ಮುಖ ಒಂದೇ ಥರ ಕಾಣುತ್ತದೆ, ತಲೆಕೆಳಗಾಗಿ ಕೂರಿಸಿದರೆ ಕಂಬಿ ಮೇಲೆ ಹೋಗಿ ಲಿಂಟಲ್ ಕೆಲಸಕ್ಕೆ ಬಾರದು.

ನಾಲ್ಕು ವಾರ ಬಿಟ್ಟು, ಫೆಬ್ರವರಿಯಲ್ಲಿ, ನೆಲ ಒಣಗಿದ್ದಾಗ ಹಳೆಯದನ್ನು ತೆಗೆದರು. ಲಿಂಟಲ್‌ಗಿಂತ ಒಂದು ಅಡಿ ಮೇಲೆ ಗೋಡೆಯಲ್ಲಿ ಎರಡು ತೂತು ಕೊರೆದು, ಒಳಗಿನಿಂದ ಹೊರಗೆ ಕಬ್ಬಿಣದ ತೊಲೆ ತೂರಿಸಿದರು. ಒಂದೊಂದು ತೊಲೆಗೂ ಒಳಗೊಂದು ಹೊರಗೊಂದು ಜಾಕಿ, ಜಾಕಿಯ ಅಡಿಗೆ ದಪ್ಪ ಹಲಗೆ. ಜಾಕಿಯನ್ನು ಬಿಗಿ ಮಾಡಬೇಕು, ಎತ್ತಬಾರದು. ಒಬ್ಬ ಹುಡುಗ ಉತ್ಸಾಹದಲ್ಲಿ ಎರಡು ಸುತ್ತು ಜಾಸ್ತಿ ತಿರುಗಿಸಿದ, ಮೇಲೆ ಟಕ್ ಅಂತ ಹೊಸ ಬಿರುಕು. ಮೇಸ್ತ್ರಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಹೊಸ ಲಿಂಟಲ್ ಕೂತ ಮೇಲೆ, ಅದಕ್ಕೂ ಮೇಲಿನ ಇಟ್ಟಿಗೆಗೂ ನಡುವೆ ಒಂದು ಇಂಚು ಸಂದು ಉಳಿಯುತ್ತದೆ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಅಲ್ಲಿ. ಹೆಚ್ಚಿನವರು ನೀರು ನೀರು ಗಾರೆ ಬಳಿದು ಮುಗಿಸುತ್ತಾರೆ. ಅದು ಒಣಗುವಾಗ ಕುಗ್ಗುತ್ತದೆ, ಜಾಕಿ ತೆಗೆದ ದಿನ ಗೋಡೆ ಅಷ್ಟು ಇಳಿಯುತ್ತದೆ, ಬಿರುಕು ವಾಪಸ್. ನಮ್ಮವರು ಒಂದು ಸಿಮೆಂಟಿಗೆ ಮೂರು ಮರಳಿನ ಗಾರೆಯನ್ನು ಹೆಚ್ಚುಕಡಿಮೆ ಒಣದಾಗಿ ಕಲಸಿದರು. ಮುಷ್ಟಿ ಕಟ್ಟಿದರೆ ಉಂಡೆ ಆಗಬೇಕು, ಅಂಗೈಗೆ ನೀರು ಅಂಟಬಾರದು. ಅಮ್ಮ ಅದನ್ನು ನೋಡಿ "ತಂಬಿಟ್ಟಿನ ಹದ" ಅಂದಳು. ಅದನ್ನು ಕಟ್ಟಿಗೆಯ ತುಂಡಿನಿಂದ ಗುದ್ದಿ ಗುದ್ದಿ ತುಂಬಿದರು, ನಡುನಡುವೆ ಚಪ್ಪಟೆ ಕಲ್ಲಿನ ಬೆಣೆ. ಅರ್ಧ ದಿನ ಹಿಡಿಯಿತು. ಒಂದು ವಾರ ಬಿಟ್ಟು ಜಾಕಿ ಇಳಿಸಿದಾಗ ಒಂದು ಕೂದಲೂ ಅಲುಗಲಿಲ್ಲ. ಜಾಗದಲ್ಲೇ ಕಾಂಕ್ರೀಟ್ ಹಾಕುವುದಾದರೆ 14 ದಿನ ಜಾಕಿ ಮುಟ್ಟಬಾರದು. ಬಾಡಿಗೆ ಏರುತ್ತದೆ ಅಂತ ಬೇಗ ಬಿಚ್ಚುವವರಿದ್ದಾರೆ, ನೀನು ಒಪ್ಪಬೇಡ. ಸಜ್ಜವನ್ನು ಮತ್ತೆ ಕಾಂಕ್ರೀಟಿನಲ್ಲಿ ಮಾಡಿಸಲಿಲ್ಲ. ಮರದ ಆಸರೆ ಕೊಟ್ಟು ಹೆಂಚು ಹೊದಿಸಿದೆವು.

ಅಷ್ಟರಲ್ಲಿ ಅಡುಗೆಮನೆ ಬಾಗಿಲ ಮೇಲಿನ ಮರವನ್ನೂ ನೋಡಿಬಿಡೋಣ ಅಂದರು. ಅಜ್ಜ ಹಾಕಿಸಿದ್ದ ಮೂರು ಮತ್ತಿ ಮರದ ಹಲಗೆ, ಪಕ್ಕ ಪಕ್ಕ. ಹೊರಗಿಂದ ಕಲ್ಲಿನ ಹಾಗಿತ್ತು. ಉಳಿಯಿಂದ ಚುಚ್ಚಿದರೆ ನಡುವಿನ ಹಲಗೆಯೊಳಗೆ ಬರೀ ಮಣ್ಣು. ವರಲೆ, ನಿಮ್ಮ ಕಡೆಯ ಗೆದ್ದಲು. ಇದು ಸುಲಭ ಇತ್ತು. ಒಂದೊಂದೇ ಹಲಗೆ ತೆಗೆದು ಒಂದೊಂದೇ ಹೊಸದು ಹಾಕಿದರು, ಉಳಿದೆರಡು ಅಷ್ಟು ಹೊತ್ತು ಹೊತ್ತುಕೊಂಡವು. ಆದರೂ ಕೆಳಗೊಂದು ಆಸರೆ ಇಟ್ಟಿದ್ದರು. ಕಾಂಕ್ರೀಟೇ ಹಾಕೋಣ ಅಂದರು ಮೇಸ್ತ್ರಿ, ನಾನು ಹಟ ಹಿಡಿದು ಮರವನ್ನೇ ಹಾಕಿಸಿದೆ. ಎರಡು ಕೈ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆವು. ಅದು ಕೈಗೆ ತಾಗಿ ನನ್ನ ಬೆರಳಿನ ಚರ್ಮ ಸುಲಿಯಿತು, ನೀನು ಹಚ್ಚುವುದಾದರೆ ಗ್ಲೌಸ್ ಹಾಕಿಕೋ.

ಒಂದು ಮಾತು ಬಿಟ್ಟಿದ್ದೆ. ನೀನು ಹಿಂದೆ ಒಂದು ಕೋಣೆ ಸೇರಿಸಬೇಕು ಅಂತಿದ್ದೆಯಲ್ಲ, ಅಲ್ಲಿ ಲಿಂಟಲನ್ನು ಕಿಟಕಿ ಬಾಗಿಲಿಗಷ್ಟೇ ನಿಲ್ಲಿಸಬೇಡ. ನಾಲ್ಕೂ ಗೋಡೆ ಸುತ್ತಿ ಒಂದೇ ಪಟ್ಟಿ ಮಾಡಿಸು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ನಮ್ಮ ಬೀದರ್, ಕಲಬುರಗಿವರೆಗೂ ನಡುಗಿತ್ತು. ಅಲ್ಲಿ ಮಣ್ಣಿನ ಗಾರೆಯ ಕಲ್ಲಿನ ಮನೆಗಳು ರಾಶಿಯಾಗಿ ಬಿದ್ದವು. ಅದೇ ಊರಲ್ಲಿ ಲಿಂಟಲ್ ಮಟ್ಟದಲ್ಲಿ ಸುತ್ತ ಪಟ್ಟಿ ಹಾಕಿದ್ದ ಮನೆ ಏನೂ ಆಗದೆ ನಿಂತಿತ್ತು.

ಈಗ ನೀನು ಮಾಡಬೇಕಾದ್ದು ಜಾಸ್ತಿ ಇಲ್ಲ. ಪೇಂಟರಿಗೆ ಕಾಯಲು ಹೇಳು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆ. ಹಳೇ ಮೇಸ್ತ್ರಿಗಳ ಹಾಗೆ ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ತುಂಡನ್ನು ಸಿಮೆಂಟಿನಲ್ಲಿ ಅಂಟಿಸಿದರೂ ಸರಿ, ಗೋಡೆ ಅಲುಗಿದರೆ ಗಾಜು ಒಡೆದು ಹೇಳುತ್ತದೆ. ಮಳೆ ಬಂದ ದಿನ ಹೊರಗೆ ನಿಂತು ನೀರು ಎಲ್ಲೆಲ್ಲಿ ಹರಿಯುತ್ತದೆ ನೋಡು, ತಾರಸಿಯ ಪೈಪೂ ಬಿಡಬೇಡ. ಕಿಟಕಿ ಬಾಗಿಲು ಬಿಗಿಯಾಗುತ್ತಿದ್ದರೆ, ಇಲ್ಲಾ ಚಕ್ಕೆ ಬೀಳಲು ಶುರುವಾಗಿದ್ದರೆ ಕಾಯಬೇಡ. ಮಕ್ಕಳ ಮಂಚವನ್ನು ಇವತ್ತೇ ಆ ಗೋಡೆಯಿಂದ ಸರಿಸಿ ಎಂಜಿನಿಯರನ್ನು ಕರೆಸು. ಮಂಚ ಹೇಗಿದ್ದರೂ ಸರಿಸು.

ಒಳಗಿನ ಫೋಟೋ ಕಳಿಸಿದ್ದೀಯ, ಹೊರಗಿಂದ ಸಜ್ಜದ ತಳದ್ದು ಕಳಿಸಿಲ್ಲ. ನಾಳೆ ಬೆಳಕಿದ್ದಾಗ ತೆಗೆದು ಕಳಿಸು. ಮೇಸ್ತ್ರಿ ಭಾನುವಾರ ಕೊಟ್ಟಿಗೆ ಕೆಲಸಕ್ಕೆ ಬರುತ್ತಾರೆ, ಅವರಿಗೂ ತೋರಿಸುತ್ತೇನೆ.

ಇತಿ ನಿನ್ನ,
ಎರಡು ಸಲ ಪುಟ್ಟಿ ಹಚ್ಚಿದವನು