ನಗರಸಭೆ ಬಾಗಿಲಿನ ರಾಂಪ್ ಕಿತ್ತು ಸರಿಯಾಗಿ ಕಟ್ಟಿಕೊಡಿ: ಬಡಾವಣೆ ನಿವಾಸಿಗಳ ಐದನೇ ಮನವಿ

ಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ ಕಾರ್ಯಾಲಯ.

ವಿಷಯ: ನಗರಸಭೆ ಕಚೇರಿಯ ರಾಂಪ್, ಮುಖ್ಯರಸ್ತೆಯ ಫುಟ್‌ಪಾತ್ ಮತ್ತು ಪಾರ್ಕಿನ ಗೇಟನ್ನು ವೀಲ್‌ಚೇರ್ ಹೋಗುವಂತೆ ಸರಿಪಡಿಸುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ನಾಲ್ಕು ಮನವಿಗಳು. ನಾಲ್ಕಕ್ಕೂ ನಿಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಇದೆ, ಒಂದಕ್ಕೂ ಲಿಖಿತ ಉತ್ತರ ಇಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯದ ಬಗ್ಗೆ ತಮ್ಮ ಗಮನಕ್ಕೆ ತರುವುದೇನೆಂದರೆ, ಹೋದ ಸೋಮವಾರ ಮನೆ ಕಂದಾಯದ ಚಲನ್ ಸರಿಪಡಿಸಿಕೊಳ್ಳಲು ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನಾನು ವೀಲ್‌ಚೇರ್ ಮೇಲೆ ಓಡಾಡುವವಳು. ಒಂಬತ್ತು ವರ್ಷದ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬಾಗಿಲ ಪಕ್ಕದ ರಾಂಪ್ ಅರ್ಧ ಹತ್ತುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ವಾಲಿತು. ಹಿಂದೆ ತಳ್ಳುತ್ತಿದ್ದವರು 68 ವರ್ಷದ ನನ್ನ ತಾಯಿ. ಅವರು ಎದೆ ಕೊಟ್ಟು ತಡೆದರು. ಕೊನೆಗೆ ಹೊರಗೆ ಕೂತು ಅರ್ಜಿ ಬರೆದುಕೊಡುವವರೊಬ್ಬರು, ಗುರುತೇ ಇಲ್ಲದ ಇನ್ನಿಬ್ಬರು ಬಂದು ಕುರ್ಚಿ ಸಮೇತ ನನ್ನನ್ನು ಎತ್ತಿ ಒಳಗೆ ಇಟ್ಟರು. ತೊಡೆ ಮೇಲಿದ್ದ ಕಾಗದಗಳು ಚರಂಡಿಗೆ ಬಿದ್ದವು. ಕೌಂಟರಿನಲ್ಲಿ ಕೇಳಿಸಿದ ಮಾತು ಇದು: "ಯಾಕಮ್ಮಾ ಇಷ್ಟು ಕಷ್ಟಪಟ್ಟು ಬರ್ತೀರಾ, ಮನೆಯವರನ್ನ ಕಳಿಸಬಾರದಾ?"

ಆ ಮಾತಿಗೆ ಉತ್ತರವಾಗಿ ಈ ಮನವಿ. 64 ಮನೆಯವರು ಸಹಿ ಹಾಕಿದ್ದಾರೆ, ಬರೆದಿರುವುದು ನಾನು.

ಮೊದಲು ರಾಂಪ್ ವಿಚಾರ. ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದು ಟೇಪು ಹಿಡಿದು ಅಳೆಸಿದ್ದೇವೆ. ನಿಮ್ಮ ಬಾಗಿಲಿಗೆ ಮೂರು ಮೆಟ್ಟಿಲು, ಒಂದೊಂದು ಆರು ಇಂಚು, ಒಟ್ಟು 18 ಇಂಚು ಎತ್ತರ. ಒಂದು ಇಂಚು ಏರಬೇಕಾದರೆ ಹನ್ನೆರಡು ಇಂಚು ಉದ್ದ ಬೇಕು, ಇದು ಲೆಕ್ಕ. ಅಂದರೆ ಇಲ್ಲಿ 18 ಅಡಿ ಉದ್ದದ ರಾಂಪ್ ಬೇಕು. ನೀವು ಕಟ್ಟಿರುವುದು ಐದೂವರೆ ಅಡಿ! ಅಗಲ ನಾಲ್ಕು ಅಡಿ ಇರಬೇಕಿತ್ತು, ಇರುವುದು ಎರಡೂವರೆ. ನನ್ನ ಕುರ್ಚಿಯೇ 26 ಇಂಚು, ಎರಡೂ ಕಡೆ ಎರಡೆರಡು ಇಂಚು ಉಳಿಯುತ್ತದೆ, ಚಕ್ರ ತಿರುಗಿಸುವಾಗ ಬೆರಳ ಗೆಣ್ಣು ಗೋಡೆಗೆ ಉಜ್ಜಿ ಸಿಪ್ಪೆ ಸುಲಿಯುತ್ತದೆ. ಇನ್ನೊಂದು ಕಡೆ ಹಿಡಿದುಕೊಳ್ಳಲು ಕಂಬಿಯೇ ಇಲ್ಲ. ಮೇಲೆ ನುಣುಪಾದ ಗ್ರಾನೈಟ್ ಹಾಕಿದ್ದೀರಿ, ನಾಲ್ಕು ಹನಿ ಮಳೆ ಬಿದ್ದರೆ ನಡೆಯುವವರೇ ಜಾರುತ್ತಾರೆ. ಜಾಗ ಇಲ್ಲ, ಅದಕ್ಕೇ ಹೀಗೆ ಎಂದರು ನಿಮ್ಮ ಎಂಜಿನಿಯರ್. ಎಡಗಡೆ ಅಧಿಕಾರಿಗಳ ಜೀಪು ನಿಲ್ಲುವ ಜಾಗವನ್ನೂ ಅಳೆದೆವು. 32 ಅಡಿ ಇದೆ.

ಇದೆಲ್ಲ ನಿಮ್ಮ ಕಚೇರಿಗೆ ಹೊಸದೇನಲ್ಲ. ಮೊದಲ ಅರ್ಜಿ ಕೊಟ್ಟಿದ್ದು ನಾಲ್ಕು ವರ್ಷದ ಹಿಂದೆ, ಯುಗಾದಿ ಆದ ವಾರ. ಆಗ ರಾಂಪೇ ಇರಲಿಲ್ಲ. "ನೋಡೋಣ ಬಿಡಿ" ಎಂದರು. ಎಂಟು ತಿಂಗಳು ನೋಡಿ ಎರಡನೆಯದು ಕೊಟ್ಟೆವು, ಫೋಟೋ ಸಮೇತ. ಕಡತ ಎಂಜಿನಿಯರಿಂಗ್ ಶಾಖೆಗೆ ಹೋಗಿದೆ, ಅಲ್ಲಿ ವಿಚಾರಿಸಿ ಎಂದರು. ಆ ಶಾಖೆ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಪಕ್ಕದ ಮನೆಯ ಹುಡುಗ ಕಾಲೇಜು ಬಿಟ್ಟು ನನಗಾಗಿ ಒಂಬತ್ತು ಸಲ ಮೆಟ್ಟಿಲು ಹತ್ತಿ ಇಳಿದ. ಸಾಹೇಬರು ಸೈಟಿಗೆ ಹೋಗಿದ್ದಾರೆ, ಮೀಟಿಂಗಿನಲ್ಲಿದ್ದಾರೆ, ಆಮೇಲೆ ವರ್ಗಾವಣೆ ಆಗಿದ್ದಾರೆ. ಹೊಸಬರು ಬಂದು ಅರ್ಜಿಯ ಪ್ರತಿ ಇನ್ನೊಂದು ಕೊಡಿ ಎಂದರು. ಕೊಟ್ಟೆವು.

ಮೂರನೇ ಮನವಿಯನ್ನು ನೀವೇ ಕರೆದ ವಿಕಲಚೇತನರ ಕುಂದುಕೊರತೆ ಸಭೆಯಲ್ಲಿ ಕೊಡಲು ಹೋದೆವು. ಆ ಸಭೆ ಕೂಡ ಮೊದಲ ಮಹಡಿಯಲ್ಲಿ! ಮೆಟ್ಟಿಲ ಬುಡದಲ್ಲಿ ಆರು ಜನ ಕಾದೆವು. ನಾನು, ತ್ರಿಚಕ್ರ ಗಾಡಿಯವರು ಮೂವರು, ಊರುಗೋಲು ಹಿಡಿದ ಒಬ್ಬ ಹುಡುಗ, ಮಗನನ್ನು ಸೊಂಟದ ಮೇಲೆ ಎತ್ತಿಕೊಂಡ ಒಬ್ಬ ತಾಯಿ. ಆ ಮಗುವಿಗೆ ಹನ್ನೊಂದು ವರ್ಷ. ಒಂದೂವರೆ ಗಂಟೆ ಆದ ಮೇಲೆ ಹಾಜರಿ ಪುಸ್ತಕ ಕೆಳಗೆ ಬಂತು, ಸಹಿ ಹಾಕಿಸಿಕೊಂಡು ಮೇಲೆ ಹೋಯಿತು. ಅಧಿಕಾರಿಗಳು ಯಾರೂ ಇಳಿದು ಬರಲಿಲ್ಲ. ನಡಾವಳಿಯಲ್ಲಿ ನಾವೆಲ್ಲ ಸಭೆಗೆ ಹಾಜರಾಗಿದ್ದೇವೆ ಎಂದು ಬರೆದಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಆಮೇಲೆ ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಗೆ ಮೂರು ದಿನ ಇರುವಾಗ ಅವಸರದಲ್ಲಿ ಈ ರಾಂಪ್ ಎದ್ದಿತು. ಕಟ್ಟುವಾಗಲೇ ಗುತ್ತಿಗೆದಾರರಿಗೆ ಹೇಳಿದೆವು, ಇದು ಜಾಸ್ತಿ ಕಡಿದಾಗಿದೆ ಅಂತ. ಎಸ್ಟಿಮೇಟಿನಲ್ಲಿ ಇಷ್ಟೇ ಇರೋದು ಎಂದರು. ನಾಲ್ಕನೇ ಮನವಿ ಅದರ ಬಗ್ಗೆ. ಜೊತೆಗೆ ಸಹಾಯವಾಣಿಗೂ ದೂರು ಕೊಟ್ಟೆವು, ಒಂದು ಭಾನುವಾರ ರಾತ್ರಿ "ದೂರು ಪರಿಹರಿಸಲಾಗಿದೆ" ಎಂದು ಮೆಸೇಜು ಬಂತು. ಯಾರು ಬಂದರು, ಏನು ಪರಿಹರಿಸಿದರು? ಮಾಹಿತಿ ಹಕ್ಕಿನಲ್ಲಿ ರಾಂಪಿನ ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ ನಕಲು ಕೇಳಿದರೆ, ಖುದ್ದು ಹಾಜರಾಗಿ ಕಡತ ನೋಡಿಕೊಳ್ಳಿ ಎಂದು ಉತ್ತರ. ಎಲ್ಲಿ? ಮತ್ತೆ ಅದೇ ಮೊದಲ ಮಹಡಿಯಲ್ಲಿ.

ಇನ್ನು ಮುಖ್ಯರಸ್ತೆ. ನಮ್ಮ ಮನೆಯಿಂದ ಬಸ್ ಸ್ಟಾಪಿಗೆ 400 ಮೀಟರ್ ಇರಬಹುದು. ನಾನು ಒಂದು ದಿನವೂ ಫುಟ್‌ಪಾತ್ ಮೇಲೆ ಹೋಗಿಲ್ಲ, ಜಲ್ಲಿ ಲಾರಿಗಳ ಪಕ್ಕದಲ್ಲೇ ಹೋಗುತ್ತೇನೆ. ಫುಟ್‌ಪಾತ್ 150 ಮಿಲಿಮೀಟರಿಗಿಂತ, ಅಂದರೆ ಅರ್ಧ ಅಡಿಗಿಂತ ಎತ್ತರ ಇರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮದು 14 ಇಂಚು, ಇಳಿಜಾರು ಎಲ್ಲೂ ಇಲ್ಲ. ಬೈಕು ಹತ್ತಬಾರದು ಎಂದು ಒಂದೂವರೆ ಅಡಿಗೊಂದು ಕಲ್ಲು ನೆಟ್ಟಿದ್ದೀರಿ. ಬೈಕಿನವರು ನುಸುಳಿಕೊಂಡು ಹೋಗುತ್ತಲೇ ಇದ್ದಾರೆ, ವಾಕರ್ ಹಿಡಿದ ಅಜ್ಜ ಹೋಗಲಾರರು, ಮಗುವಿನ ತಳ್ಳುಗಾಡಿ ಹೋಗಲಾರದು. ನನ್ನ ಕುರ್ಚಿಯ ಮುಂದಿನ ಚಕ್ರ ಅಂಗೈ ಅಗಲ ಅಷ್ಟೇ. ಹೋದ ಮಳೆಗಾಲ ಚರಂಡಿ ಚಪ್ಪಡಿಗಳ ಸಂದಿಗೆ ಅದು ಸಿಕ್ಕಿಕೊಂಡು ಮುಂದಕ್ಕೆ ಎಸೆದಂತೆ ಬಿದ್ದೆ. ಕಾಲಿಗೆ ಸ್ಪರ್ಶ ಇಲ್ಲದ ಕಾರಣ ಮಂಡಿ ಒಡೆದಿರುವುದು ಗೊತ್ತಾಗಿದ್ದು ಮನೆಗೆ ಬಂದು ಬಟ್ಟೆ ಬದಲಿಸುವಾಗ. ಗಾಯ ಮಾಗಲು ಎರಡು ತಿಂಗಳು ಹಿಡಿಯಿತು, ಅಷ್ಟು ದಿನ ಟ್ಯೂಷನ್ ನಿಂತಿತು. ನನ್ನ ಸಂಪಾದನೆ ಅದೊಂದೇ.

ಪಾರ್ಕಿಗೆ ದನ ನುಗ್ಗಬಾರದು ಎಂದು ಸುತ್ತಿ ಬಳಸಿ ಹೋಗುವ ಗೇಟು ಇಟ್ಟಿದ್ದೀರಿ, ದೊಡ್ಡ ಗೇಟಿಗೆ ವರ್ಷವಿಡೀ ಬೀಗ. ಸಾರ್ವಜನಿಕ ಶೌಚಾಲಯದ ಒಂದು ಬಾಗಿಲ ಮೇಲೆ ವೀಲ್‌ಚೇರ್ ಚಿತ್ರ ಇದೆ, ಒಳಗೆ ಪೊರಕೆ, ಬ್ಲೀಚಿಂಗ್ ಪೌಡರ್ ಮೂಟೆ. ಚುನಾವಣೆ ದಿನ ಶಾಲೆಗೆ ಹಲಗೆಯ ರಾಂಪ್ ಬಂತು, ಮಾರನೇ ದಿನ ಹೋಯಿತು. ಆ ಒಂದು ದಿನ ಸಾಧ್ಯವಾದದ್ದು ಉಳಿದ ದಿನ ಯಾಕೆ ಸಾಧ್ಯವಿಲ್ಲ?

ಬರೆಯಲು ಕೂತ ಮೇಲೆ ಅಕ್ಕಪಕ್ಕದವರು ಇದನ್ನೂ ಸೇರಿಸಿ ಎಂದರು: ಮೂರನೇ ಅಡ್ಡರಸ್ತೆಯ ಬೀದಿದೀಪ ದಸರೆಯಿಂದ ಉರಿದಿಲ್ಲ, ಪೈಪಿಗೆಂದು ಅಗೆದ ಗುಂಡಿಗೆ ಮಣ್ಣು ಎಳೆದು ಹೋದವರು ತಿರುಗಿ ಬಂದಿಲ್ಲ, ಯುಜಿಡಿ (ಒಳಚರಂಡಿ) ಮುಚ್ಚಳ ರಸ್ತೆಗಿಂತ ಗೇಣುದ್ದ ಮೇಲೆದ್ದಿದೆ, ಮೂಲೆಯಲ್ಲಿ ಕಸದ ರಾಶಿ, ಅದಕ್ಕೆ ನಾಯಿಗಳ ಹಿಂಡು. ಕಂದಾಯ ಮಾತ್ರ ಒಂದು ತಿಂಗಳು ತಡವಾದರೂ ಬಿಡುವುದಿಲ್ಲ.

ಅನುದಾನ ಬಂದಾಗ ನೋಡೋಣ ಎನ್ನುವ ಕಾಲ ಮುಗಿದಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ವಿಕಲಚೇತನರು ಬಳಸುವಂತೆ ಸರಿಪಡಿಸಲು ಸೆಕ್ಷನ್ 45 ನಿಯಮಗಳು ಬಂದ ದಿನದಿಂದ ಐದು ವರ್ಷ ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು 2022ಕ್ಕೇ ಮುಗಿಯಿತು. ಸೆಕ್ಷನ್ 44ರ ಪ್ರಕಾರ ಹೊಸ ಕಟ್ಟಡದ ನಕ್ಷೆಯಲ್ಲಿ ಈ ಅನುಕೂಲ ಇಲ್ಲದಿದ್ದರೆ ಅನುಮತಿಯನ್ನೇ ಕೊಡುವಂತಿಲ್ಲ, ನೀವು ಕೊಡುತ್ತಲೇ ಇದ್ದೀರಿ. ಇಂಥ ಸೌಲಭ್ಯಗಳ ಮಾನದಂಡ ಬರೀ ಸಲಹೆಯ ರೂಪದಲ್ಲಿ ಇದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಕಾಯ್ದೆ ಮುರಿದರೆ ಸೆಕ್ಷನ್ 89ರಂತೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ವಿಕಲಚೇತನರಿಗೆಂದು ತೆಗೆದಿಡಬೇಕಾದ ಶೇ. 5ರ ಹಣದ ಬಗ್ಗೆ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದರ ಲೆಕ್ಕ ಕೊಡಿ.

ಮನೆಗೇ ಬಂದು ಕೆಲಸ ಮಾಡಿಕೊಡ್ತೀವಿ ಎಂದು ಒಬ್ಬ ಅಧಿಕಾರಿ ಪ್ರೀತಿಯಿಂದಲೇ ಹೇಳಿದರು. ಅವರ ಮನಸ್ಸು ಒಳ್ಳೆಯದು. ಆದರೆ ನನಗೆ ಸಂತೆಗೂ ಹೋಗಬೇಕು, ಜಾತ್ರೆಗೂ ಹೋಗಬೇಕು, ಸಾಯಂಕಾಲ ಪಾರ್ಕಿನಲ್ಲಿ ಸುಮ್ನೆ ಕೂರಬೇಕು. ಅದನ್ನೆಲ್ಲ ಮನೆಗೆ ತಂದುಕೊಡಲು ಆಗುತ್ತದಾ? ನಮ್ಮ ರಾಜ್ಯದವರೇ ಆದ ಮಾಲತಿ ಹೊಳ್ಳ ವೀಲ್‌ಚೇರ್ ಮೇಲೆ ಆಟವಾಡಿ 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ದಿನಾಚರಣೆಯ ಭಾಷಣದಲ್ಲಿ ಅವರ ಹೆಸರು ಬಂತು, ಚಪ್ಪಾಳೆಯೂ ಬಿತ್ತು. ಅವರು ಇವತ್ತು ಈ ಊರಿಗೆ ಬಂದರೆ ನಿಮ್ಮ ಕಚೇರಿ ಬಾಗಿಲು ದಾಟಲಾರರು.

ಆದ್ದರಿಂದ ಮೂವತ್ತು ದಿನದೊಳಗೆ ಈ ರಾಂಪ್ ಒಡೆದು ಸರಿಯಾದ ಅಳತೆಗೆ ಕಟ್ಟಿ, ಎರಡೂ ಕಡೆ ಕಂಬಿ ಹಾಕಿ. ಬಿಲ್ ಪಾಸ್ ಮಾಡುವ ಮೊದಲು ನಮ್ಮಲ್ಲಿ ಒಬ್ಬರು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯಬೇಕು, ಆಮೇಲೆ ಸಹಿ ಹಾಕಿ. ಲಿಫ್ಟ್ ಆಗುವವರೆಗೆ ನಮ್ಮ ಸಭೆ, ನಮ್ಮ ಕಡತ ಎರಡೂ ನೆಲಮಹಡಿಗೆ ಬರಲಿ. ಪಾರ್ಕಿನ ದೊಡ್ಡ ಗೇಟಿನ ಬೀಗ ನಾಳೆಯೇ ತೆಗೆಯಬಹುದು, ಅದಕ್ಕೆ ಟೆಂಡರ್ ಬೇಕಿಲ್ಲ. ಫುಟ್‌ಪಾತಿಗೆ ಎಂಜಿನಿಯರ್ ನಮ್ಮ ಜೊತೆ ಬಸ್ ಸ್ಟಾಪಿನವರೆಗೆ ಬರಲಿ, ಎಲ್ಲೆಲ್ಲಿ ಇಳಿಜಾರು ಬೇಕು ಎಂದು ತೋರಿಸುತ್ತೇವೆ. ಇಷ್ಟು ಆಗದಿದ್ದರೆ ಮುಂದಿನ ಅರ್ಜಿ ವಿಕಲಚೇತನರ ರಾಜ್ಯ ಆಯುಕ್ತರಿಗೆ, ಅಲ್ಲಿಂದ ಕೋರ್ಟಿಗೆ.

ಈ ಮನವಿ ಕೊಡಲು ಬುಧವಾರ ಬೆಳಗ್ಗೆ 11 ಗಂಟೆಗೆ ನಾನೇ ಬರುತ್ತೇನೆ. ಆ ರಾಂಪ್ ಹತ್ತುವುದಿಲ್ಲ, ಯಾರಿಂದಲೂ ಎತ್ತಿಸಿಕೊಳ್ಳುವುದೂ ಇಲ್ಲ. ಕೆಳಗೆ ಬಂದು ತೆಗೆದುಕೊಳ್ಳಿ.

ಇಂತಿ,
ಬಡಾವಣೆಯ ನಿವಾಸಿಗಳು
(64 ಮನೆಯವರ ಸಹಿ ಲಗತ್ತಿಸಿದೆ)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ವಿಕಲಚೇತನರ ರಾಜ್ಯ ಆಯುಕ್ತರಿಗೆ, ನಮ್ಮ ವಾರ್ಡಿನ ಸದಸ್ಯರಿಗೆ.